ಚಾಮುಂಡಿ ಬೆಟ್ಟದಿಂದ ಕಾಣದ ಧ್ರುವಪ್ರಭೆ

ಇತಿಹಾಸದ ಪಾಠ ಹೇಳುವವನು ಆಕಾಶದ ವಿಷಯವಾಗಿ ಲೇಖನ ಬರೆಯುವುದು ಅಧಿಕಪ್ರಸಂಗವೆಂದು ವಿಜ್ಞಾನ ಬಲ್ಲ ಮಿತ್ರರು ಹೇಳಿಯಾರು. ಅವರ ಕ್ಷಮೆಯನ್ನು ಮೊದಲೇ ಬೇಡಿಕೊಳ್ಳುತ್ತೇನೆ. ಆದರೆ ಈ ವಿಷಯವನ್ನು ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಅದು ಒಂದು ಪ್ರಶ್ನೆಯ ರೂಪದಲ್ಲಿ ನನ್ನ ಬಳಿಗೆ ಬಂದಿತು.

2024ನೆಯ ಇಸವಿ ಮೇ ತಿಂಗಳ 11ನೆಯ ತಾರೀಖು, ಶನಿವಾರ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡಿಕೊಂಡು ಬರುತ್ತಿದ್ದೆ. ನಮ್ಮ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದುರಿಗೆ ಸಿಕ್ಕಿ, ಕೈಯಲ್ಲಿದ್ದ ದೂರವಾಣಿಯಲ್ಲಿ ಒಂದು ಚಿತ್ರವನ್ನು ತೋರಿಸಿದಳು. ಕಪ್ಪು ಗುಡ್ಡಗಳ ಸಾಲು, ಅದರ ಹಿಂದೆ ಕುಂಕುಮವನ್ನು ಕದಡಿದಂತೆ ಕೆಂಪಾದ ಆಕಾಶ. "ಸಾರ್, ಇದು ನಿನ್ನೆ ರಾತ್ರಿ ಲಡಾಖಿನಲ್ಲಿ ಕಂಡದ್ದಂತೆ. ಈವತ್ತು ರಾತ್ರಿ ಚಾಮುಂಡಿ ಬೆಟ್ಟ ಹತ್ತಿದರೆ ನಮಗೂ ಕಾಣುತ್ತದೆಯೇ?" ಎಂದು ಕೇಳಿದಳು. ಕಾಣುವುದಿಲ್ಲವೆಂದು ಹೇಳಿಬಿಟ್ಟೆ. "ಏಕೆ ಸಾರ್?" ಎಂದಳು. ನನಗೆ ಉತ್ತರ ತಿಳಿದಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಕಾರಣ ತಿಳಿಯದೆ "ಇಲ್ಲ" ಎನ್ನುವ ಅಭ್ಯಾಸ ಬಂದುಬಿಟ್ಟಿರುತ್ತದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಈ ಲೇಖನ ಅವಳ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಆ ಚಿತ್ರದ ಸಂಗತಿ. ಲಡಾಖಿನ ಹಾನ್ಲೆ ಎಂಬ ಸ್ಥಳದಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರು ಎತ್ತರದಲ್ಲಿ, ನಮ್ಮ ದೇಶದ ಖಗೋಳ ವೀಕ್ಷಣಾಲಯವೊಂದಿದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಅಲ್ಲಿಯ ಎರಡು ಮೀಟರು ಅಗಲದ ದೂರದರ್ಶಕವನ್ನು ತಿರುಗಿಸುವವರು ಹಿಮದಲ್ಲಿ ಕುಳಿತಿರಬೇಕಾಗಿಲ್ಲ. ಕೋಲಾರದ ಹಾದಿಯಲ್ಲಿರುವ ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ಅದನ್ನು ನಡೆಸುತ್ತಾರೆ. ಆಕಾಶವೆಲ್ಲವನ್ನೂ ಒಂದೇ ನೋಟದಲ್ಲಿ ಹಿಡಿಯುವ ಕ್ಯಾಮರಾವೂ ಹಾನ್ಲೆಯಲ್ಲಿದೆ. ಮೇ 10-11ರ ರಾತ್ರಿ ಉತ್ತರ ದಿಕ್ಕಿನಲ್ಲಿ ಮೂಡಿದ ಆ ಕೆಂಪನ್ನು ಹಿಡಿದದ್ದು ಅಲ್ಲಿಯ ಕ್ಯಾಮರಾಗಳೇ. 2023ರಲ್ಲಿಯೂ, ಏಪ್ರಿಲ್ ಮತ್ತು ನವೆಂಬರ್ ತಿಂಗಳುಗಳಲ್ಲಿ, ಇಂಥದೇ ಮಂದವಾದ ಕೆಂಪು ಅಲ್ಲಿ ದಾಖಲಾಗಿತ್ತು.

ಇದನ್ನು ಕನ್ನಡದಲ್ಲಿ ಧ್ರುವಪ್ರಭೆಯೆಂದು ಕರೆಯುತ್ತಾರೆ. ಪಾಶ್ಚಾತ್ಯರಲ್ಲಿ ಇದರ ಹೆಸರು ಅರೋರ. ಅರೋರ ಎಂಬವಳು ರೋಮನರ ಅರುಣೋದಯದ ದೇವತೆ. ಈ ಬೆಳಕಿಗೆ ಆ ಹೆಸರನ್ನು ಅಂಟಿಸಿದ ಕೀರ್ತಿ 1619ರ ಗೆಲಿಲಿಯೋವಿಗೆ ಸಲ್ಲುತ್ತದೆ. ಭಾಷಾಶಾಸ್ತ್ರಜ್ಞರು ಹೇಳುವಂತೆ ಅರೋರ ಎಂಬ ಪದವೂ ನಮ್ಮ ವೇದದ ಉಷಸ್ ಎಂಬ ಪದವೂ ಒಂದೇ ಬೇರಿನಿಂದ ಹುಟ್ಟಿದ ಅಕ್ಕತಂಗಿಯರು. ಲೋಕಮಾನ್ಯ ತಿಲಕರು 1903ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವೇದದ ಉಷಸ್ಸೂಕ್ತಗಳನ್ನೇ ಆಧಾರವಾಗಿಟ್ಟುಕೊಂಡು, ಆರ್ಯರ ಮೂಲಸ್ಥಾನ ಉತ್ತರಧ್ರುವ ಪ್ರದೇಶವೆಂದು ವಾದಿಸಿದರು. ವಾದ ಬಹಳ ಪಾಂಡಿತ್ಯಪೂರ್ಣವಾದದ್ದು. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಒಪ್ಪಿಗೆಯಾಗದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಿಗ್ದಾಹವೆಂಬ ಒಂದು ಅಧ್ಯಾಯವೇ ಇದೆ. ದಿಕ್ಕು ಹೊತ್ತಿ ಉರಿಯುವಂತೆ ಕಾಣುವುದಕ್ಕೆ ಆ ಹೆಸರು. ಅದರಲ್ಲಿ ಎಲ್ಲವೂ ಧ್ರುವಪ್ರಭೆಯೆಂದು ಹೇಳಲಾಗದು. ಕಾಡ್ಗಿಚ್ಚೂ ಸಂಜೆಗೆಂಪೂ ಅದೇ ಹೆಸರಿಗೆ ಸಲ್ಲಬಹುದು.

ಇನ್ನು ಇದು ಆಗುವ ಬಗೆ. ಅರಮನೆಯ ದೀಪಾಲಂಕಾರವನ್ನು ನೋಡದ ಮೈಸೂರಿನವರಿಲ್ಲ. ತಂತಿಯ ಬುರುಡೆ ದೀಪದಲ್ಲಿ ತಂತಿ ಕಾದು ಕೆಂಡವಾಗಿ ಬೆಳಗುವುದು; ಆ ಬೆಳಕು ಬಿಸಿಯ ಬೆಳಕು. ಆದರೆ ಅಂಗಡಿಗಳ ಮೇಲೆ ಹಾಕುತ್ತಿದ್ದ ನಿಯಾನ್ ಕೊಳವೆಗಳನ್ನು ನೆನೆಯಿರಿ. ಅದರೊಳಗೆ ತಂತಿಯಿಲ್ಲ, ವಿರಳವಾದ ಅನಿಲವಿದೆ. ವಿದ್ಯುತ್ಕಣಗಳು ಆ ಅನಿಲದ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಪೆಟ್ಟು ತಿಂದ ಪರಮಾಣು ಪಡೆದ ಶಕ್ತಿಯನ್ನು ಬೆಳಕಾಗಿ ಹೊರಕ್ಕೆ ಬಿಡುತ್ತದೆ. ಧ್ರುವಪ್ರಭೆ ಈ ಎರಡನೆಯ ಜಾತಿಯದು. ನೂರು ಕಿಲೋಮೀಟರಿಗೂ ಮೇಲಿನ ತೆಳುವಾದ ವಾಯುಮಂಡಲವೇ ಕೊಳವೆ. ವಿದ್ಯುತ್ಕಣಗಳನ್ನು ಅಟ್ಟುವ ಯಂತ್ರ ಸೂರ್ಯ ಮತ್ತು ಭೂಮಿಯ ಅಯಸ್ಕಾಂತ ಇವೆರಡೂ ಕೂಡಿ ಆದದ್ದು.

ಸೂರ್ಯನಿಂದ ವಿದ್ಯುತ್ಕಣಗಳ ಗಾಳಿಯೊಂದು ಸದಾ ಬೀಸುತ್ತಿರುತ್ತದೆ. ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 400 ಕಿಲೋಮೀಟರಿನ ಆಸುಪಾಸು. ಭೂಮಿಯನ್ನು ಮುಟ್ಟಲು ಸುಮಾರು ನಾಲ್ಕು ದಿನ ಬೇಕು. ಭೂಮಿಯ ಕಾಂತಕ್ಷೇತ್ರ ಈ ಗಾಳಿಗೆ ಅಡ್ಡಲಾಗಿ ನಿಂತು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತಳ್ಳುವಾಗ ತಾನೂ ರಾತ್ರಿಯ ಕಡೆಗೆ ಉದ್ದನೆಯ ಬಾಲವಾಗಿ ಎಳೆದುಕೊಳ್ಳುತ್ತದೆ. ರಬ್ಬರಿನ ಪಟ್ಟಿಯನ್ನು ಎಳೆದೆಳೆದು ಬಿಟ್ಟಂತೆ ಈ ಬಾಲ ಒಮ್ಮೊಮ್ಮೆ ತುಂಡಾಗಿ ಹಿಂದಕ್ಕೆ ಚಿಮ್ಮುತ್ತದೆ. ಆಗ ಎಲೆಕ್ಟ್ರಾನುಗಳು ಕಾಂತರೇಖೆಗಳನ್ನು ಹಿಡಿದುಕೊಂಡು ಧ್ರುವಗಳ ಕಡೆಗೆ ಧುಮುಕುತ್ತವೆ. ಸೂರ್ಯನ ಕಣಗಳು ನೇರವಾಗಿ ಬಂದು ಧ್ರುವದ ಮೇಲೆ ಸುರಿಯುತ್ತವೆಂದು ಅನೇಕರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಬಹುಪಾಲು ಬೆಳಕಿಗೆ ಕಾರಣ ಹೀಗೆ ಹಿಂದಿನ ಬಾಗಿಲಿನಿಂದ ಬರುವ ಕಣಗಳು.

ಬಣ್ಣಗಳ ವಿಷಯ ಇದಕ್ಕಿಂತ ಸ್ವಾರಸ್ಯವಾದದ್ದು. 1860ರ ದಶಕದಲ್ಲಿ ಸ್ವೀಡನ್ನಿನ ಆಂಗ್‌ಸ್ಟ್ರೋಮ್ ಧ್ರುವಪ್ರಭೆಯ ಹಸಿರನ್ನು ರೋಹಿತದರ್ಶಕದಿಂದ ಅಳೆದು ನೋಡಿದನು. ಅದು ಒಂದೇ ಒಂದು ಹಸಿರು ಗೆರೆ. ಈಗಿನ ಲೆಕ್ಕದಲ್ಲಿ 557.7 ನ್ಯಾನೊಮೀಟರು. ಪ್ರಯೋಗಶಾಲೆಯ ಯಾವ ಅನಿಲವೂ ಆ ಗೆರೆಯನ್ನು ಕೊಡಲೊಲ್ಲದು. ಅರ್ಧ ಶತಮಾನಕ್ಕೂ ಮಿಕ್ಕು ಇದು ಒಗಟಾಗಿಯೇ ಉಳಿಯಿತು. 1925ರಲ್ಲಿ ಟೊರಾಂಟೋದ ಮ್ಯಾಕ್‌ಲೆನನ್ ಮತ್ತು ಶ್ರಮ್ ಎಂಬವರು ಇದು ಆಮ್ಲಜನಕದ ಬೆಳಕೆಂದು ತೋರಿಸಿಕೊಟ್ಟರು. ನಾವು ದಿನವೂ ಉಸಿರಾಡುವ ಆಮ್ಲಜನಕವೇ! ಹಾಗಾದರೆ ಅದು ಅಷ್ಟು ಕಾಲ ಬಚ್ಚಿಟ್ಟುಕೊಂಡದ್ದು ಹೇಗೆ? ಪೆಟ್ಟು ತಿಂದ ಆಮ್ಲಜನಕದ ಪರಮಾಣು ಈ ಹಸಿರನ್ನು ಹೊರಸೂಸಲು ಸುಮಾರು ಮುಕ್ಕಾಲು ಸೆಕೆಂಡು ತೆಗೆದುಕೊಳ್ಳುತ್ತದೆ. ನಮ್ಮ ಸುತ್ತಲಿನ ದಟ್ಟವಾದ ಗಾಳಿಯಲ್ಲಿ ಅಷ್ಟರೊಳಗೆ ನೆರೆಯ ಪರಮಾಣುಗಳು ಕೋಟಿಗಟ್ಟಲೆ ಸಲ ಬಂದು ತಗಲಿ ಅದರ ಶಕ್ತಿಯನ್ನು ಕಸಿದುಕೊಂಡಿರುತ್ತವೆ. ನೂರು ಕಿಲೋಮೀಟರಿನ ಮೇಲೆ ಮಾತ್ರ ಅದಕ್ಕೆ ಬೇಕಾದ ಏಕಾಂತ ಸಿಗುತ್ತದೆ. ಕೆಂಪು ಬೆಳಕಿಗಂತೂ ಸುಮಾರು ಎರಡು ನಿಮಿಷಗಳ ಏಕಾಂತ ಬೇಕು. ಅದು ಇನ್ನೂರು ಕಿಲೋಮೀಟರಿನಿಂದ ಮೇಲಕ್ಕೆ, ಕೆಲವೊಮ್ಮೆ ನಾನೂರನ್ನೂ ದಾಟಿ ಇರುವ ಬೆಳಕು. ಆದುದರಿಂದ ಹಸಿರಿನ ಮೇಲೆ ಕೆಂಪು, ಎಂದಿಗೂ ಕೆಳಗಲ್ಲ. ಹಸಿರಿನ ಕೆಳ ಅಂಚಿನಲ್ಲಿ ಕೆಲವೊಮ್ಮೆ ಕಾಣುವ ನೇರಳೆ ಮತ್ತು ಗುಲಾಬಿ ಬಣ್ಣಗಳು ಸಾರಜನಕದ ಕೊಡುಗೆ.

ಈಗ ಮೈಸೂರಿನ ಪ್ರಶ್ನೆ. ಧ್ರುವಪ್ರಭೆಯೆಂಬ ಹೆಸರಿದ್ದರೂ ಅದು ಧ್ರುವದ ನೆತ್ತಿಯ ಮೇಲೆ ಹೆಚ್ಚಾಗಿ ಬೆಳಗುವುದಿಲ್ಲ. ಧ್ರುವವನ್ನು ಬಳಸಿದ ಒಂದು ಉಂಗುರದ ಮೇಲೆ ಬೆಳಗುತ್ತದೆ. ಆ ಧ್ರುವವೂ ನಮ್ಮ ಭೂಪಟದ ಧ್ರುವವಲ್ಲ, ಕಾಂತಧ್ರುವ. ಅದು ಈಗ ಕೆನಡಾದ ಉತ್ತರ ದ್ವೀಪಗಳ ಕಡೆಗೆ ವಾಲಿಕೊಂಡಿದೆ. ಹೀಗಾಗಿ ಅಮೆರಿಕದವರಿಗೆ ಲಾಭ, ಏಷ್ಯಾದವರಿಗೆ ನಷ್ಟ. ನ್ಯೂಯಾರ್ಕು, ಬೀಜಿಂಗು ಎರಡೂ ಸುಮಾರು 40 ಅಂಶ ಉತ್ತರ ಅಕ್ಷಾಂಶದ ನಗರಗಳು. ಆದರೆ ಕಾಂತಧ್ರುವದಿಂದ ಲೆಕ್ಕ ಹಿಡಿದರೆ ನ್ಯೂಯಾರ್ಕು 50ನೆಯ ಅಂಶದಲ್ಲಿದೆ, ಬೀಜಿಂಗು 31ನೆಯದರಲ್ಲಿ. ಹಾನ್ಲೆಗೆ ದೊರೆಯುವುದು ಸುಮಾರು 25. ನಮ್ಮ ಮೈಸೂರು ಭೂಪಟದಲ್ಲಿ 12 ಅಂಶದ ಮೇಲಿದ್ದರೂ ಕಾಂತದ ಲೆಕ್ಕದಲ್ಲಿ ಬರಿಯ 4. ಪ್ರಭೆಯ ಉಂಗುರ ಸಾಧಾರಣವಾಗಿ ನಿಲ್ಲುವುದು 65ರಿಂದ 70ರೊಳಗೆ. ದೊಡ್ಡ ಸೌರಸ್ಫೋಟ ಬಂದು ತಗಲಿದಾಗ ಉಂಗುರ ಹಿಗ್ಗಿ ಕೆಳಕ್ಕೆ ಜಾರುತ್ತದೆ. 2024ರ ಮೇ ತಿಂಗಳಲ್ಲಿ ಆದದ್ದು ಅದೇ. ಸೂರ್ಯನ ಒಂದೇ ಕಲೆಯ ಗುಂಪಿನಿಂದ ಒಂದರ ಹಿಂದೆ ಒಂದು ಸ್ಫೋಟಗಳು ಹೊರಟು, ಎರಡು ದಶಕಗಳಲ್ಲಿ ಕಾಣದಷ್ಟು ಬಲವಾದ ಕಾಂತಚಂಡಮಾರುತವನ್ನು ಎಬ್ಬಿಸಿದವು.

ಹಾಗೆ ಜಾರಿದ ಬೆಳಕು ನಮಗೂ ದಿಗಂತದಲ್ಲಿ ಕಾಣಬಾರದೇಕೆ ಎಂದು ಆ ಹುಡುಗಿ ಮತ್ತೊಂದು ದಿನ ಕೇಳಿದಳು. ಗಣಿತದ ಅಧ್ಯಾಪಕ ಮಿತ್ರರೊಬ್ಬರನ್ನು ಹಿಡಿದು ಲೆಕ್ಕ ಹಾಕಿಸಿದೆ. ಭೂಮಿ ಗುಂಡಗಿರುವುದರಿಂದ ನೂರು ಕಿಲೋಮೀಟರು ಎತ್ತರದ ಹಸಿರು ಬೆಳಕು ಸುಮಾರು 1,100 ಕಿಲೋಮೀಟರಿನಾಚೆ ದಿಗಂತದಲ್ಲಿ ಮುಳುಗಿಹೋಗುತ್ತದೆ. ನಾನೂರು ಕಿಲೋಮೀಟರು ಎತ್ತರದ ಕೆಂಪು ಬೆಳಕಾದರೆ 2,200 ಕಿಲೋಮೀಟರಿನವರೆಗೆ, ಎಂದರೆ ಅಕ್ಷಾಂಶದ ಇಪ್ಪತ್ತು ಅಂಶಗಳವರೆಗೆ ಕಂಡೀತು. ಮೈಸೂರಿನ ಹನ್ನೆರಡಕ್ಕೆ ಇಪ್ಪತ್ತನ್ನು ಕೂಡಿಸಿದರೆ ಮೂವತ್ತೆರಡು. ಹಾನ್ಲೆ ಇರುವುದು ಮೂವತ್ತೆರಡೂ ಮುಕ್ಕಾಲರಲ್ಲಿ! ಬೆಟ್ಟ ಹತ್ತಿದರೆ ಲಾಭವೆಷ್ಟು ಎಂಬುದನ್ನೂ ಮಿತ್ರರು ಬಿಡಲಿಲ್ಲ. ಸಾವಿರ ಮೆಟ್ಟಿಲು ಹತ್ತಿ ಊರಿಗಿಂತ ಮುನ್ನೂರು ಮೀಟರು ಮೇಲೆ ನಿಂತರೆ ದಿಗಂತ ಅರ್ಧ ಅಂಶ ಕೆಳಗಿಳಿಯುವುದು, ಅಷ್ಟೆ. ಬೆಳಕು ಹಾನ್ಲೆಯ ನೆತ್ತಿಯ ಮೇಲೆಯೇ ಉರಿದಿದ್ದರೂ ಅದು ನಮಗೆ ದಿಗಂತದ ಅಂಚಿನಲ್ಲಿ, ಊರಿನ ದೀಪಗಳ ಮತ್ತು ಬೇಸಿಗೆಯ ಧೂಳಿನ ಹಿಂದೆ ಅಡಗಿರುತ್ತಿತ್ತು. ವಾಸ್ತವದಲ್ಲಿ ಅದು ಹಾನ್ಲೆಯವರಿಗೇ ಉತ್ತರದ ಕಡೆ ಕೆಳಗೆ ಕಂಡದ್ದು. ಎಂದರೆ ಇನ್ನೂ ದೂರದ್ದು. ಅಲ್ಲದೆ ಅದು ಕುಣಿಯುವ ಧ್ರುವಪ್ರಭೆಯೂ ಅಲ್ಲ. ಭೂಮಿಯನ್ನು ಸುತ್ತುವ ಕಣಗಳ ಬಿಸಿ ಮೇಲಿನ ವಾಯುಮಂಡಲಕ್ಕೆ ಇಳಿದು ಮೂಡಿಸುವ, ಕದಲದೆ ನಿಲ್ಲುವ ಒಂದು ಕೆಂಪು ಕಮಾನು ಎಂದು ಸಂಸ್ಥೆಯವರು ತಿಳಿಸಿದರು.

ಹೀಗೆಂದ ಮಾತ್ರಕ್ಕೆ ದಕ್ಷಿಣದವರಿಗೆ ಇದರ ಸೋಂಕೇ ಇಲ್ಲವೆನ್ನಲಾಗದು. 1872ನೆಯ ಫೆಬ್ರವರಿ 4ರ ರಾತ್ರಿಯ ಮಹಾಪ್ರಭೆ ಬೊಂಬಾಯಿಯಲ್ಲಿ ಕಂಡಿತೆಂದು ಆಗಿನ ವರದಿಗಳಿವೆ. ಅದಕ್ಕೂ ಹಿಂದೆ, 1859ನೆಯ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಕಲೆಗಳ ನಡುವೆ ಬಿಳಿಯ ಮಿಂಚೊಂದನ್ನು ಕಂಡನು. ಹದಿನೆಂಟು ಗಂಟೆಯೂ ತುಂಬುವುದರೊಳಗೆ ಭೂಮಿಗೆ ಪೆಟ್ಟು ಬಿದ್ದಿತು. ಅಮೆರಿಕದಲ್ಲಿ ತಂತಿ ಕಚೇರಿಯವರು ಬ್ಯಾಟರಿಗಳನ್ನು ಕಳಚಿಟ್ಟು, ಪ್ರಭೆಯಿಂದ ತಂತಿಯಲ್ಲಿ ಹುಟ್ಟಿದ ವಿದ್ಯುತ್ತಿನಲ್ಲೇ ಸುದ್ದಿ ಕಳಿಸಿದರು. ನಮ್ಮ ಬೊಂಬಾಯಿಯ ಕೊಲಾಬ ವೀಕ್ಷಣಾಲಯದ ಕಾಂತಸೂಚಿ ಆ ದಿನ ಹುಚ್ಚು ಹಿಡಿದಂತೆ ಓಲಾಡಿತು. ಆ ಚಂಡಮಾರುತದ ಬಲವನ್ನು ಅಳೆಯಲು ಜಗತ್ತಿನ ವಿದ್ವಾಂಸರು ಇಂದಿಗೂ ನೋಡುವುದು ಕೊಲಾಬದ ಆ ದಾಖಲೆಯನ್ನೇ. ಕಣ್ಣಿಗೆ ಕಾಣದ್ದು ಸೂಜಿಗೆ ತಿಳಿಯುವುದು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಇಂಥ ಚಂಡಮಾರುತದಿಂದ ಒಂಬತ್ತು ಗಂಟೆಗಳ ಕಾಲ ವಿದ್ಯುತ್ತೇ ಇರಲಿಲ್ಲ. ನಮ್ಮವರು 2023ರಲ್ಲಿ ಆದಿತ್ಯ ಎಲ್-1 ನೌಕೆಯನ್ನು ಕಳುಹಿಸಿ ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರು ಆಚೆ ನಿಲ್ಲಿಸಿರುವುದಕ್ಕೆ ಒಂದು ಕಾರಣ ಇದು. ಸೌರಗಾಳಿ ಅಲ್ಲಿಂದ ನಮ್ಮನ್ನು ತಲಪಲು ಸುಮಾರು ಒಂದು ಗಂಟೆ. ಬಾಗಿಲ ಬಳಿ ಕೂಗುವ ಕಾವಲುಗಾರನಿದ್ದಂತೆ.

ಪುಸ್ತಕದ ಮಾತು ಇಲ್ಲಿಗಾಯಿತು. ಇನ್ನು ಕಂಡ ಮಾತು.

2025ನೆಯ ಫೆಬ್ರವರಿಯಲ್ಲಿ ನಾನೂ ನನ್ನ ಹೆಂಡತಿಯೂ ನಾರ್ವೆ ದೇಶದ ಟ್ರೋಮ್ಸೊ ನಗರಕ್ಕೆ ಹೋಗಿದ್ದೆವು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ನನ್ನ ತಮ್ಮನ ಮಗಳು ಓದುತ್ತಿದ್ದಾಳೆ. ನನ್ನ ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆಯುತ್ತಿತ್ತು. ಮೈಸೂರಿನ ಕಣ್ಣಿನ ಡಾಕ್ಟರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೇ ಹೋಗಿ ಎಂದಿದ್ದರು. ಹೆದರಿಕೆಯಿಂದ ಮುಂದೂಡಿ, ಬಂದ ಮೇಲೆ ನೋಡೋಣವೆಂದು ಹೊರಟುಬಿಟ್ಟೆ. ನನ್ನಾಕೆಗೆ ಹಿಂದಿನ ವರ್ಷವೇ ಎರಡೂ ಕಣ್ಣಿಗೆ ಚಿಕಿತ್ಸೆಯಾಗಿತ್ತು.

ಟ್ರೋಮ್ಸೊ 69 ಅಂಶವನ್ನು ದಾಟಿದ ಊರು. ಕಾಂತದ ಲೆಕ್ಕದಲ್ಲಿಯೂ 67. ಉಂಗುರದ ನಟ್ಟನಡುವೆ ಇರುವುದರಿಂದ ಅಲ್ಲಿ ಚಂಡಮಾರುತವೇ ಬೇಕಾಗಿಲ್ಲ. ಸಾಧಾರಣ ರಾತ್ರಿಯೇ ಸಾಕು. ಬೇಕಾದುದು ಶುಭ್ರವಾದ ಆಕಾಶ. ಅದೇ ಮೂರು ರಾತ್ರಿ ಸಿಗಲಿಲ್ಲ. ಸಮುದ್ರದ ಬೆಚ್ಚಗಿನ ಪ್ರವಾಹದಿಂದಾಗಿ ಆ ಊರಿನಲ್ಲಿ ನಾನು ಹೆದರಿದಷ್ಟು ಚಳಿಯಿಲ್ಲ. ಆದರೆ ಅದೇ ಸಮುದ್ರ ಮೋಡಗಳನ್ನೂ ತರುತ್ತದೆ. ಸಾವಿರಾರು ಮೈಲಿ ಬಂದು ಮೋಡ ನೋಡಿ ಹೋಗಬೇಕಾಯಿತಲ್ಲ, ಆಷಾಢದಲ್ಲಿ ಮಡಿಕೇರಿಗೆ ಹೋಗಿದ್ದರೆ ಖರ್ಚಾದರೂ ಉಳಿಯುತ್ತಿತ್ತು ಎಂದು ನನ್ನಾಕೆ ಹಾಸ್ಯ ಮಾಡಿದಳು.

ನಾಲ್ಕನೆಯ ರಾತ್ರಿ ಮೋಡ ಒಡೆಯಿತು. ಸೇತುವೆ ದಾಟಿ ಕ್ವಾಲೋಯ ಎಂಬ ಪಕ್ಕದ ದ್ವೀಪಕ್ಕೆ, ಊರ ದೀಪಗಳಿಲ್ಲದ ಸಮುದ್ರದ ಕೊಲ್ಲಿಯೊಂದರ ದಡಕ್ಕೆ ಮಗು ನಮ್ಮನ್ನು ಕರೆದುಕೊಂಡು ಹೋದಳು. ಮೈಮೇಲೆ ನಾಲ್ಕು ಪದರ ಉಣ್ಣೆ, ತಲೆಗೆ ಮೈಸೂರಿನಿಂದ ತಂದ ಮಂಗನ ಟೋಪಿ, ಚೀಲದಲ್ಲಿ ಫ್ಲಾಸ್ಕಿನ ಕಾಫಿ ಮತ್ತು ಚಕ್ಕುಲಿ. ದೂರವಾಣಿಯ ಬೆಳಕನ್ನು ಯಾರೂ ನೋಡಕೂಡದೆಂದು ಅವಳ ಕಟ್ಟಪ್ಪಣೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಮ್ಮೆ ಬೆಳಕು ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು.

ಒಂಬತ್ತೂವರೆ ದಾಟಿತ್ತು. "ದೊಡ್ಡಪ್ಪ, ಬಂತು ನೋಡಿ" ಎಂದಳು. ನನಗೇನೂ ಕಾಣಲಿಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಒಲೆಯ ಹೊಗೆಯಂಥ ಬೂದಿ ಬಣ್ಣದ ಪಟ್ಟೆಯೊಂದು ಗುಡ್ಡದ ಮೇಲೆ ಕಮಾನಾಗಿ ನಿಂತಿತ್ತು. "ಅದು ಮೋಡವಲ್ಲವೇನಮ್ಮ?" ಎಂದೆ. "ಮೋಡವಾದರೆ ಅದರ ಹಿಂದಿನ ನಕ್ಷತ್ರ ಕಾಣುತ್ತಿತ್ತೆ, ದೊಡ್ಡಪ್ಪ?" ಎಂದಳು. ನಿಜವೇ, ಪಟ್ಟೆಯೊಳಗಿಂದ ನಕ್ಷತ್ರಗಳು ಮಿನುಗುತ್ತಿದ್ದವು. ಅವಳು ಚಿತ್ರ ತೆಗೆದು ತೋರಿಸಿದಳು. ಚಿತ್ರದಲ್ಲಿ ಅದೇ ಪಟ್ಟೆ ಎಳೆಯ ಬಾಳೆಯ ಸುಳಿಯಂತೆ ಹಸಿರಾಗಿತ್ತು. ನನಗೆ ಮೋಸ ಹೋದಂತೆ ಅನಿಸಿತೆಂದು ಹೇಳಲು ಸಂಕೋಚವಿಲ್ಲ. ಕ್ಯಾಮರಾ ಹಲವು ಸೆಕೆಂಡುಗಳ ಬೆಳಕನ್ನು ಕೂಡಿಹಾಕಿಕೊಳ್ಳುತ್ತದೆ. ಕಣ್ಣಿಗೆ ಆ ಶಕ್ತಿಯಿಲ್ಲ. ಜೊತೆಗೆ ಮಂದ ಬೆಳಕಿನಲ್ಲಿ ಕಣ್ಣಿನಲ್ಲಿ ಕೆಲಸ ಮಾಡುವ ಕೋಶಗಳಿಗೆ ಬಣ್ಣವೇ ತಿಳಿಯದು, ಅದರಲ್ಲಿಯೂ ಕೆಂಪೆಂದರೆ ಅವು ಕುರುಡು. ಪತ್ರಿಕೆಗಳ ಚಿತ್ರ ನೋಡಿ ಹೊರಡುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ಕಾಲು ಗಂಟೆ ಹಾಗೆಯೇ ಕಳೆಯಿತು. ಕಾಫಿ ಬಗ್ಗಿಸಿಕೊಳ್ಳಲು ತಲೆ ತಗ್ಗಿಸಿದ್ದೆ. ಹಿಮದ ಮೇಲೆ ನನ್ನ ನೆರಳು ಬಿತ್ತು! ತಲೆಯೆತ್ತಿದರೆ ಕಮಾನು ಮುರಿದಿತ್ತು. ಪಟ್ಟೆ ನಿರಿಗೆ ನಿರಿಗೆಯಾಗಿ ಮಡಿಚಿಕೊಂಡು, ಯಾರೋ ಸೀರೆಯನ್ನು ಕೊಡವಿ ಒಣಗಹಾಕಿದಂತೆ ಆಕಾಶದ ಈ ಕೊನೆಯಿಂದ ಆ ಕೊನೆಗೆ ಓಡಿತು. ಈ ಸಲ ಹಸಿರು ನನಗೂ ಕಂಡಿತು. ಕ್ಷಣದಲ್ಲಿ ಅದು ನೆತ್ತಿಗೇರಿತು. ಗೆರೆಗಳೆಲ್ಲ ನೆತ್ತಿಯ ಒಂದು ಬಿಂದುವಿನಿಂದ ಸುತ್ತಲೂ ಇಳಿಬಿದ್ದಂತೆ ತೋರಿದವು. ನಿಜಕ್ಕೂ ಅವು ಕಾಂತರೇಖೆಗಳ ಗುಂಟ ನಿಂತ ಸಮಾನಾಂತರ ಗೆರೆಗಳು, ರೈಲು ಕಂಬಿಗಳು ದೂರದಲ್ಲಿ ಕೂಡಿದಂತೆ ಕಾಣುವುದಷ್ಟೆ. ಸದ್ದು ಒಂದಿಷ್ಟೂ ಇಲ್ಲ. ಅಷ್ಟು ದೊಡ್ಡದೊಂದು ಅಷ್ಟು ವೇಗವಾಗಿ ಸದ್ದಿಲ್ಲದೆ ಓಡಾಡುವುದನ್ನು ನಾನು ಎಂದೂ ಕಂಡಿರಲಿಲ್ಲ. ಒಂದು ಕ್ಷಣ ಭಯವೇ ಆಯಿತು. ದಿಗ್ದಾಹವನ್ನು ಉತ್ಪಾತಗಳ ಸಾಲಿಗೆ ಸೇರಿಸಿದ ವರಾಹಮಿಹಿರನ ಮೇಲೆ ನನಗಿದ್ದ ಆಕ್ಷೇಪಣೆ ಅಲ್ಲಿಗೆ ತೀರಿತು.

"ಏನ್ರೀ, ಆ ಸೆರಗಿನ ಅಂಚು ನೋಡಿದಿರಾ, ಎಂಥ ನೇರಳೆ!" ಎಂದಳು ನನ್ನಾಕೆ. ನನಗೆ ಅಂಚಿನಲ್ಲಿ ನೇರಳೆ ಕಾಣಲಿಲ್ಲ, ಬೂದಿಯಂಥದೇನೋ ಕಂಡಿತು. ಮಗುವಿಗೆ ಕಂಡಿತಂತೆ. ಹತ್ತು ನಿಮಿಷದಲ್ಲಿ ಎಲ್ಲವೂ ಚೂರುಚೂರಾಗಿ, ಆ ಚೂರುಗಳು ಉಸಿರಾಡುವಂತೆ ಹೊತ್ತಿ ಆರಿ, ಆಕಾಶ ಮತ್ತೆ ಕಪ್ಪಾಯಿತು. ಬಾಲ ತುಂಡಾಗಿ ಚಿಮ್ಮುವ ಪ್ರತಿಯೊಂದು ಸಲವೂ ಇದೇ ಕ್ರಮವಂತೆ: ಕಮಾನು, ಒಡೆತ, ಚೂರು.

ಮನೆಗೆ ಹಿಂತಿರುಗುವಾಗ ಮಗು ಇನ್ನೊಂದು ಸಂಗತಿ ಹೇಳಿದಳು. ಟ್ರೋಮ್ಸೊವಿನಿಂದಲೂ ಬಹಳ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ನ್ಯೂ ಓಲೆಸುಂಡ್ ಎಂಬಲ್ಲಿ, 2008ರಲ್ಲಿ ಸ್ಥಾಪಿತವಾದ ಭಾರತದ ಹಿಮಾದ್ರಿ ಕೇಂದ್ರವಿದೆ. 2023ರ ಡಿಸೆಂಬರಿನಿಂದ ನಮ್ಮವರು ಚಳಿಗಾಲದಲ್ಲಿಯೂ ಅಲ್ಲಿ ಇರತೊಡಗಿದರು. ಮೊದಲ ತಂಡದಲ್ಲಿಯೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಆ ಕಾಲದಲ್ಲಿ ಅಲ್ಲಿ ಮಧ್ಯಾಹ್ನವೂ ಕತ್ತಲೆ. ಆದುದರಿಂದ ಭೂಮಿಯ ಹಗಲಿನ ಕಡೆ ಮೂಡುವ ಧ್ರುವಪ್ರಭೆಯನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನೋಡಬಹುದಾದ ಕೆಲವೇ ಸ್ಥಳಗಳಲ್ಲಿ ಅದು ಒಂದು.

ಮೈಸೂರಿಗೆ ಬಂದ ಮೇಲೆ ಕಣ್ಣಿನ ಡಾಕ್ಟರನ್ನು ಕಂಡು, ಹೆಂಡತಿಗೆ ಕಂಡ ನೇರಳೆ ನನಗೇಕೆ ಕಾಣಲಿಲ್ಲವೆಂದು ಕೇಳಿದೆ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಯಾಗುತ್ತ ಬಂದು ನೀಲಿ, ನೇರಳೆ ಬೆಳಕುಗಳನ್ನು ತಡೆದುಬಿಡುತ್ತದೆ. ಅದನ್ನು ತೆಗೆದು ಹೊಸದನ್ನು ಇಟ್ಟವರಿಗೆ ಆ ಬಣ್ಣಗಳು ಮರಳಿ ಬರುತ್ತವೆ ಎಂದರು. ಎಂದರೆ ನನ್ನ ಪಾಲಿನ ಸಾರಜನಕವನ್ನು ನಾನು ನನ್ನ ಹೆದರಿಕೆಯಿಂದ ಕಳೆದುಕೊಂಡಿದ್ದೆ. ಜೂನಿನಲ್ಲಿ ಬಲಗಣ್ಣಿಗೆ ಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಮಾರನೆಯ ಬೆಳಿಗ್ಗೆ ಕಾಂಪೌಂಡಿನ ಬೇಲಿಯ ಬಳಿ ನಿಂತು ಒಂದೊಂದೇ ಕಣ್ಣನ್ನು ಮುಚ್ಚಿ ಶಂಖಪುಷ್ಪದ ಹೂವನ್ನು ನೋಡಿದೆ. ಎಡಗಣ್ಣಿಗೆ ಮಾಸಿದ ಬಟ್ಟೆಯಂತಿದ್ದ ಹೂವು ಬಲಗಣ್ಣಿಗೆ ಕಡುನೀಲಿಯಾಗಿತ್ತು. ಆ ರಾತ್ರಿಯ ಅಂಚು ಇದೇ ಬಣ್ಣವೇ ಎಂದು ನನ್ನಾಕೆಯನ್ನು ಕರೆದು ಕೇಳಿದೆ. ಅವಳು ಹೂವನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ, "ಇದಕ್ಕಿಂತ ಸ್ವಲ್ಪ ಕೆಂಪು ಬೆರೆತಿತ್ತು" ಎಂದಳು.